ಟೊಮ್ಯಾಟೊ ಚಿಪ್ಸೂ ನನ್ನ ಹೊಟ್ಟೆಕಿಚ್ಚೂ

ನಮ್ಮ ಅಡುಗೆಮನೆಯಲ್ಲಿ ಒಲೆಯ ಹಿಂದಿನ ಗೋಡೆಗೆ ಒಂದು ಖಾಲಿ ಪ್ಯಾಕೆಟ್ಟನ್ನು ಸೀಳಿ, ಬಿಡಿಸಿ, ನಾಲ್ಕು ಮೂಲೆಗೆ ನಾಲ್ಕು ಮೊಳೆ ಹೊಡೆದು ಬಿಗಿದಿದೆ. ಎಣ್ಣೆ ಸಿಡಿದು ಸುಣ್ಣ ಹಾಳಾಗಬಾರದೆಂಬ ಉಪಾಯ. ಪ್ಯಾಕೆಟ್ಟು ಟೊಮ್ಯಾಟೊ ಹುಳಿಯ ಆಲೂಗಡ್ಡೆ ಚಿಪ್ಸಿನದು, ದೊಡ್ಡ ಸೈಜಿನದು. ಅದರ ಮೇಲೊಂದು ಟೊಮ್ಯಾಟೊ ಹಣ್ಣು, ಹಣ್ಣಿನ ಮೈಮೇಲೆ ಈಗತಾನೆ ತಲೆಗೆ ನೀರು ಹಾಕಿಕೊಂಡು ಬಂದಂತೆ ಹನಿಗಳು, ಪಕ್ಕದಲ್ಲಿ ಗಾಳಿಯಲ್ಲಿ ತೇಲುವ ಮೂರು ಚಿಪ್ಸು. ಮನೆಗೆ ಬಂದವರು ಕಾಫಿ ಕುಡಿಯುತ್ತ ಅದನ್ನು ನೋಡಿ ಎರಡು ಬಗೆಯಲ್ಲಿ ಮಾತಾಡುತ್ತಾರೆ. ಹಾಸ್ಯದವರು, 'ಸ್ವತಃ ಚಿಪ್ಸ್ ಮಾಡುವವನು, ಕಂಪನಿಯವರ ಚಿಪ್ಸಿಗೆ ನಿನ್ನ ಮನೆಯಲ್ಲೇ ಬೋರ್ಡ್ ಹಾಕಿಕೊಟ್ಟಿದ್ದೀಯಲ್ಲ' ಎನ್ನುತ್ತಾರೆ. ಬುದ್ಧಿವಂತರು, 'ಉಲ್ಟಾ ಹೊಡೆದಿದ್ದೀಯ, ಒಳಗಿನ ಬೆಳ್ಳಿ ಮೈ ಈಚೆ ಬರಬೇಕು, ಆಗ ಒಂದೇ ಸಲಕ್ಕೆ ಬಟ್ಟೆಯಲ್ಲಿ ಒರೆಸಿಬಿಡಬಹುದು' ಎನ್ನುತ್ತಾರೆ.

ಬುದ್ಧಿವಂತರು ಹೇಳುವುದು ಸರಿ. ಬಣ್ಣದ ಮೈ ಎಣ್ಣೆಗೆ ಜಿಡ್ಡು ಹಿಡಿದು, ಟೊಮ್ಯಾಟೊ ಈಗ ಬದನೆಕಾಯಿಯ ಬಣ್ಣಕ್ಕೆ ತಿರುಗಿದೆ. ಮೊದಲು ಅದು ಬೆಳ್ಳಿ ಮೈಯೇ ಈಚೆ ಮಾಡಿಕೊಂಡಿತ್ತು. ಅದನ್ನು ತಿರುಗಿಸಿ ಹೊಡೆದವನು ನಾನೇ, ಬುದ್ಧಿ ನೆಟ್ಟಗಿದ್ದಾಗಲೇ. ಯಾಕೆಂದು ಹೇಳಬೇಕಾದರೆ ಒಂದು ಹೊಟ್ಟೆಕಿಚ್ಚಿನ ಕಥೆಯನ್ನು ಬಿಚ್ಚಬೇಕು. ನಿಮಗೂ ಕೆಲಸವಿದೆ, ನನಗೂ ಇದೆ. ಆದರೂ ಒಸಿ ಕೂತುಕೊಳ್ಳಿ. ಹೊಟ್ಟೆಕಿಚ್ಚಿಲ್ಲದವರು ಯಾರೂ ಇಲ್ಲ, ನಿಮಗೂ ಎಲ್ಲೋ ಒಂದು ಕಡೆ ಉಪಯೋಗಕ್ಕೆ ಬರುತ್ತದೆ.

ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ, ಬಣ್ಣದ ಬೊಂಬೆಗಳ ಅಂಗಡಿಗಳ ಸಾಲು ಮುಗಿಯುವ ಕಡೆ, ನನ್ನದೊಂದು ಕುರುಕಲು ತಿಂಡಿಯ ಅಂಗಡಿ. ಮುಂದೆ ಬಾಣಲೆ, ಹಿಂದೆ ಎರಡು ಕೋಣೆಯ ಮನೆ. ಕೋಡುಬಳೆ, ನಿಪ್ಪಟ್ಟು, ಖಾರದ ಕಡಲೆ ಎಲ್ಲವೂ ಇದ್ದರೂ ನಾನು ಹೆಸರು ಮಾಡಿದ್ದು ಆಲೂಗಡ್ಡೆ ಚಿಪ್ಸಿನಿಂದ. ಕಣ್ಣೆದುರಿಗೇ ಹೆಚ್ಚಿ, ಕಣ್ಣೆದುರಿಗೇ ಕರಿದು, ಉಪ್ಪು ಖಾರ ಉದುರಿಸಿ, ಕವರಿಗೆ ತುಂಬಿ, ಮೇಣದಬತ್ತಿಯ ಉರಿಯಲ್ಲಿ ಬಾಯಿ ಅಂಟಿಸಿ ಕೊಡುವುದು. ಆಲೂಗಡ್ಡೆಯ ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು. ನೀವೂ ತಿಳಿದುಕೊಳ್ಳಿ: ಹೆಬ್ಬೆರಳ ಉಗುರಿನಲ್ಲಿ ಕೆರೆದಾಗ ಸಿಪ್ಪೆ ಸುಲಭಕ್ಕೆ ಸುಲಿದು ಬಂದರೆ ಅದು ಎಳಸು, ನೀರು ಹೆಚ್ಚು, ಎಣ್ಣೆ ಕುಡಿಯುತ್ತದೆ. ತಣ್ಣನೆಯ ಗೋದಾಮಿನಲ್ಲಿ ತಿಂಗಳುಗಟ್ಟಲೆ ಮಲಗಿ ಬಂದದ್ದು ಒಳಗೇ ಸಿಹಿ ತಿರುಗಿ ಬಾಣಲೆಯಲ್ಲಿ ಕಪ್ಪಗಾಗುತ್ತದೆ. ಮೂಟೆಯ ಬಾಯಲ್ಲಿರುವುದನ್ನು ಯಾವತ್ತೂ ನಂಬಬೇಡಿ. ಕೈಯನ್ನು ಮೊಣಕೈವರೆಗೆ ಇಳಿಸಿ ತಳದ್ದನ್ನು ತೆಗೆಯಿರಿ. ಮತ್ತು ತೆಗೆದಾಗ, ಎಷ್ಟೇ ಚೆನ್ನಾಗಿರಲಿ, ನಿಮ್ಮ ಮುಖ ಅಲ್ಲಾಡಕೂಡದು.

ಈ ಕೊನೆಯ ಪಾಠ ನಾನು ಕಲಿತದ್ದು ಆಲೂಗಡ್ಡೆಯಿಂದಲ್ಲ, ರೇಷ್ಮೆಗೂಡಿನಿಂದ. ಮೀಸೆ ಚಿಗುರುವ ವಯಸ್ಸಿನಲ್ಲಿ ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಬೇಯಿಸಿದ ಕಡಲೆಕಾಯಿ ಮಾರಿಕೊಂಡಿದ್ದವನು ನಾನು. ಅಲ್ಲಿ ಬಾಷಾ ಸಾಹೇಬರೆಂಬ ನೂಲು ತೆಗೆಯುವ ಯಜಮಾನರಿದ್ದರು. ರೈತರು ಸುರುವಿದ ಗೂಡಿನ ರಾಶಿಗಳ ನಡುವೆ ಅವರು ನಡೆದುಬರುತ್ತಿದ್ದ ಠೀವಿಯೇ ಬೇರೆ. ಒಂದು ಹಿಡಿ ಗೂಡು ತೆಗೆದುಕೊಂಡು, ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ, ಕೇಳಿದರೋ ಇಲ್ಲವೋ ಎನ್ನುವ ಹಾಗೆ ಮತ್ತೆ ರಾಶಿಗೆ ಬಿಟ್ಟುಬಿಡುವರು. ಆ ಹೊತ್ತಿಗೆ ಅವರ ಮುಖ ಬಾಗಿಲು ಹಾಕಿದ ಮನೆ. ಒಂದು ದಿನ ನಾನು ಪಕ್ಕದಲ್ಲಿ ನಿಂತು ಒಂದು ರಾಶಿಯ ಬೆಳ್ಳನೆಯ ಗೂಡು ನೋಡಿ 'ಅಬ್ಬಾ!' ಎಂದುಬಿಟ್ಟೆ. ಸಾಹೇಬರು ನನ್ನ ಕಿವಿ ಹಿಡಿದು ಈಚೆಗೆಳೆದರು.

"ಏ ಮರಿ, ಮುಖ ಬಂದ್ ಮಾಡೋ! ಮಾಲು ಒಳ್ಳೇದು ಅಂತ ನಿನ್ ಮುಖಾನೇ ಕೂಗಿಬಿಟ್ರೆ ಹರಾಜಲ್ಲಿ ನಾನ್ ಏನ್ ಕೂಗ್ಲಿ? ಭಾಳಾ ಒಳ್ಳೇ ಮಾಲು ಸಿಕ್ತು ಅಂದ್ರೆ ಒಂದೇ ಮಾತು. 'ಐತೆ.' ಅಷ್ಟೇ. ಮುಂದಕ್ ಹೋಗು. ಆಮೇಲೆ ವಾಪಸ್ ಬಾ."

ಆ ಒಂದು ಪಾಠದಿಂದ ನಾನು ಬದುಕು ಕಟ್ಟಿದೆನೆಂದರೆ ತಪ್ಪಲ್ಲ. ನನ್ನ ಮುಖಕ್ಕೆ ಅಗುಳಿ ಹಾಕಿ, ಎದುರಿನವನ ಮುಖವನ್ನು ತೆರೆದ ಪುಸ್ತಕದಂತೆ ಓದುವುದು. ಕೊಳ್ಳುವಾಗ ಮಾರುವವನ ಕಣ್ಣು, ಮಾರುವಾಗ ತಿನ್ನುವವನ ಬಾಯಿ. ಗಿರಾಕಿಗೆ ರುಚಿಗೆಂದು ಒಂದು ಚಿಪ್ಸು ಕೊಟ್ಟು, ಅವನ ದವಡೆ ಎರಡನೆಯ ಸಲ ಏಳುವ ಮೊದಲೇ ಇವನು ಕಾಲು ಕೇಜಿಯವನೋ ಅರ್ಧ ಕೇಜಿಯವನೋ ಎಂದು ನಾನು ಹೇಳಬಲ್ಲೆ. ಇಡೀ ಬಸ್‌ಸ್ಟ್ಯಾಂಡನ್ನು ಓದಿದೆ ನಾನು. ಓದಲಾಗದೆ ಉಳಿದದ್ದು ಒಂದೇ ಮುಖ, ಅದೂ ಮನೆಯೊಳಗಿನದು.

ನನ್ನ ಹೆಂಡತಿ ಜಯಮ್ಮ ಹೊಂಗನೂರಿನವಳು, ಹುಳ ಸಾಕುವವರ ಮನೆಯ ಮಗಳು. ಅವರಪ್ಪನ ಗೂಡಿನ ಮೂಟೆಯ ಜೊತೆಗೇ ಮಾರ್ಕೆಟ್ಟಿಗೆ ಬರುತ್ತಿದ್ದಳಂತೆ. ನಾನು ಆಗ ನೋಡಿದ ನೆನಪಿಲ್ಲ. ಮದುವೆಯಾದ ಮೊದಲ ವಾರ, ಅವಳಿಗೆಂದೇ ತೆಳ್ಳಗೆ ಹೆಚ್ಚಿ, ಹೊಸ ಎಣ್ಣೆಯಲ್ಲಿ ಕರಿದು, ತಟ್ಟೆಯಲ್ಲಿಟ್ಟು, ಎದುರಿಗೆ ಕುಕ್ಕುರುಗಾಲಲ್ಲಿ ಕೂತು ಅವಳ ಬಾಯನ್ನೇ ನೋಡಿದೆ. ಅವಳು ಒಂದನ್ನು ತಿಂದಳು. ನುಂಗಿದಳು.

"ಹೆಂಗೈತೆ?" ಎಂದೆ.

"ಐತೆ," ಎಂದಳು.

ಹದಿನೆಂಟು ವರ್ಷ, ಸ್ವಾಮಿ. ಹದಿನೆಂಟು ವರ್ಷ ನಾನು ಅದೇ ಪ್ರಶ್ನೆ ಕೇಳಿದೆ, ಅವಳು ಅದೇ ಉತ್ತರ ಕೊಟ್ಟಳು. ಮೆಣಸು ಹಾಕಿದೆ, ಐತೆ. ಕರಿಬೇವು ಕರಿದು ಪುಡಿ ಮಾಡಿ ಉದುರಿಸಿದೆ, ಐತೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಕಾರುಗಳು ನನ್ನ ಅಂಗಡಿಯ ಮುಂದೆ ನಿಲ್ಲತೊಡಗಿ, ಕಾರಿನಿಂದ ಇಳಿದವರು ಒಂದು ಬಾಯಿಗೆ ಹಾಕಿಕೊಂಡು 'ಸೂಪರ್' ಎಂದು ಕಣ್ಣರಳಿಸುತ್ತಿದ್ದಾಗ, ನಾನು ಆ ಅರಳಿದ ಕಣ್ಣುಗಳ ಮೇಲಿಂದ ಹಾದು ಒಳಕೋಣೆಯ ಬಾಗಿಲ ಕಡೆ ನೋಡುತ್ತಿದ್ದೆ. ಊರೆಲ್ಲ ಹೊಗಳಿದರೂ ಒಬ್ಬರು ಹೊಗಳದಿದ್ದರೆ, ಆ ಒಬ್ಬರ ಮಾತಿಗೆ ಮಾತ್ರ ತೂಕವಿದೆ ಅನ್ನಿಸಿಬಿಡುತ್ತದೆ. ಇದು ಬುದ್ಧಿಗೇಡಿತನವೆಂದು ಗೊತ್ತು. ಗೊತ್ತಿದ್ದರೆ ಏನು ಬಂತು!

ಆ ಕಾಲಕ್ಕೆ ಸರಿಯಾಗಿ ಪ್ಯಾಕೆಟ್ಟುಗಳು ಬಂದವು. ಬಿಡದಿಯ ಆಚೀಚೆ ಕಾರ್ಖಾನೆಗಳೆದ್ದು, ಹಾರೋಹಳ್ಳಿ ಕಡೆಯಲ್ಲೂ ಹೊಲಗಳಿಗೆ ತಂತಿಬೇಲಿ ಬಿದ್ದು, ಬೆಳಗಾಗುತ್ತಲೇ ಕಂಪನಿ ಬಸ್ಸುಗಳು ಹಳ್ಳಿ ಹಳ್ಳಿಯ ಹುಡುಗ ಹುಡುಗಿಯರನ್ನು ಹೊತ್ತು ಓಡತೊಡಗಿದ್ದವು. ರಸ್ತೆ ಅಗಲವಾಯಿತು. ಅಗಲವಾದ ರಸ್ತೆಯಲ್ಲಿ ಬಂದ ಮೊದಲ ಸರಕೇ ಈ ಚಿಪ್ಸು ಇರಬೇಕು. ಟೈ ಕಟ್ಟಿದ ಏಜೆಂಟನೊಬ್ಬ ನನ್ನ ಬಳಿಗೂ ಬಂದು, 'ಅಣ್ಣ, ಒಂದು ಸಾಲು ನೇತುಹಾಕಿಕೊಳ್ಳಿ, ತಾನಾಗೇ ಓಡುತ್ತೆ' ಎಂದ. ಒಂದು ಪ್ಯಾಕೆಟ್ಟನ್ನು ಅದುಮಿ ನೋಡಿದೆ. ಅರ್ಧಕ್ಕರ್ಧ ಗಾಳಿ! ನಾನೇನಾದರೂ ತಕ್ಕಡಿಯಲ್ಲಿ ಗಾಳಿ ತೂಗಿ ಕೊಟ್ಟಿದ್ದರೆ ನಮ್ಮ ಗಿರಾಕಿಗಳು ತಕ್ಕಡಿಯನ್ನೇ ನನ್ನ ತಲೆಗೆ ಮಗುಚುತ್ತಿದ್ದರು. ನಕ್ಕು ಕಳಿಸಿಬಿಟ್ಟೆ. ಅವನು ರಸ್ತೆ ದಾಟಿ ಎದುರಿನ ಕೆಂಪಣ್ಣನ ಪೆಟ್ಟಿಗೆ ಅಂಗಡಿಗೆ ಹೋದ. ಮರುದಿನ ಕೆಂಪಣ್ಣನ ಅಂಗಡಿಗೆ ಮದುವೆಮನೆಯ ತೋರಣದ ಹಾಗೆ ಪ್ಯಾಕೆಟ್ಟಿನ ಮಾಲೆಗಳು ಇಳಿಬಿದ್ದಿದ್ದವು: ಹಸಿರು, ನೀಲಿ, ಹಳದಿ, ಮತ್ತು ಎಲ್ಲಕ್ಕಿಂತ ಮುಂದೆ ಆ ಟೊಮ್ಯಾಟೊದ ಕೆಂಪು.

ನನಗಾಗ ಹೊಟ್ಟೆಕಿಚ್ಚು ಹುಟ್ಟಲಿಲ್ಲ, ನಿಜ ಹೇಳುತ್ತೇನೆ. ವ್ಯಾಪಾರದಲ್ಲಿ ಪೈಪೋಟಿ ಇದ್ದದ್ದೇ. ಬಾಣಲೆಯ ಘಮಕ್ಕೆ ಮೂಗಿದ್ದವರು ಬಂದೇ ಬರುತ್ತಾರೆ ಎಂಬ ಧೈರ್ಯವಿತ್ತು, ಬಂದೂ ಬಂದರು. ಕಿಚ್ಚು ಹೊತ್ತಿದ್ದು ಒಂದು ಮಧ್ಯಾಹ್ನ, ಜಯಮ್ಮ ಸೆರಗಿಗೆ ಕೈ ಒರೆಸಿಕೊಂಡು, ಎಡಕ್ಕೂ ಬಲಕ್ಕೂ ನೋಡಿ, ರಸ್ತೆ ದಾಟಿ ಕೆಂಪಣ್ಣನ ಅಂಗಡಿಗೆ ಹೋದಾಗ. ಸೋಪಿಗೋ ಬೆಂಕಿಪೊಟ್ಟಣಕ್ಕೋ ಇರಬೇಕೆಂದುಕೊಂಡೆ. ಅವಳು ಕೆಂಪು ಪ್ಯಾಕೆಟ್ಟೊಂದನ್ನು ಮಾಲೆಯಿಂದ ಕಿತ್ತುಕೊಂಡು, ಅಲ್ಲೇ ಕಂಬದ ಮರೆಯಲ್ಲಿ ನಿಂತು, ಹಲ್ಲಿನಲ್ಲಿ ಕಚ್ಚಿ ಹರಿದು, ಒಂದನ್ನು ಬಾಯಿಗಿಟ್ಟುಕೊಂಡಳು. ಅವಳ ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು. ಹೆಗಲು ಕಿವಿಯ ಕಡೆಗೆ ಏರಿತು. ಆಮೇಲೆ ನಾಲಿಗೆಯನ್ನು ಅಂಗುಳಿಗೆ ಒತ್ತಿ ಬಿಟ್ಟಳು: ಟೊಕ್!

ನಡುವೆ ಒಂದು ರಸ್ತೆ, ಎರಡು ಆಟೋ, ಹಾರ್ನ್ ಹೊಡೆಯುವ ಒಂದು ಸರ್ಕಾರಿ ಬಸ್ಸು. ಆದರೂ ಆ ಟೊಕ್ ನನಗೆ ಕೇಳಿಸಿತು. ಬಾಣಲೆಯಲ್ಲಿದ್ದ ಒಂದು ಒಬ್ಬೆ ಚಿಪ್ಸು ಸೀದುಹೋಯಿತು.

ಸಂಜೆ ಕೆಂಪಣ್ಣ ನನ್ನಲ್ಲಿ ನಿಪ್ಪಟ್ಟು ಕೊಳ್ಳಲು ಬಂದವನು ಬಾಯಿ ತಡೆಯಲಾರದೆ, "ಏನಣ್ಣೋ, ನಿಮ್ಮನೆಯವ್ರೇ ನನ್ ಗಿರಾಕಿ ಆಗ್ಬುಟ್ರಲ್ಲಾ! ಹುಳಿ ಪ್ಯಾಕೇಟೇ ಬೇಕಂತೆ. ವಾರದಲ್ಲಿ ಮೂರು ದಿನ ಗ್ಯಾರಂಟಿ," ಎಂದ.

"ತಿನ್ಲಿ ಬುಡಲಾ," ಎಂದೆ, ಮುಖಕ್ಕೆ ಅಗುಳಿ ಹಾಕಿಕೊಂಡು.

"ಅಲ್ಲಾ, ಬಾಣಲೆ ಮುಂದೆ ನೀನ್ ಬೆವ್ರು ಸುರ್ಸೋದು, ಬಾಯಲ್ಲಿ ನೀರ್ ಸುರ್ಸೋದು ನನ್ ಪ್ಯಾಕೇಟು! ಎಂಥಾ ಅನ್ಯಾಯ ಕಣಣ್ಣ ಇದು!" ಎಂದು ನಗುತ್ತ ಹೋದ. ಆವತ್ತು ಅವನಿಗೆ ಆರಿದ ನಿಪ್ಪಟ್ಟು ಕೊಟ್ಟೆ. ಅಷ್ಟೇ ನನ್ನಿಂದಾದದ್ದು.

ಹೊಟ್ಟೆಕಿಚ್ಚಿನಲ್ಲೂ ಜಾತಿಗಳಿವೆ ಎಂದು ನನಗೆ ತಿಳಿದದ್ದು ಆಗ. ಪಕ್ಕದವನ ಹೊಸ ಮನೆಯನ್ನು ಕಂಡು ಹುಟ್ಟುವುದು ಒಂದು ಬಗೆ. ಅದು ಒಲೆಯಲ್ಲಿನ ಸೌದೆಯಂತೆ, ಉರಿದು ಬೂದಿಯಾಗುತ್ತದೆ, ನಾವೂ ಒಂದು ಗೋಡೆ ಎಬ್ಬಿಸಿದರೆ ತಣ್ಣಗಾಗುತ್ತದೆ. ಎದುರಾಳಿ ಒಬ್ಬ ಮನುಷ್ಯನಾದರೆ ಅವನನ್ನು ಬೈಯಬಹುದು, ಅವನ ಮಗಳ ಮದುವೆಗೆ ಹೋಗದೆ ಇರಬಹುದು. ಆದರೆ ಒಂದು ರುಚಿಯ ಮೇಲೆ ಹುಟ್ಟಿದ ಹೊಟ್ಟೆಕಿಚ್ಚನ್ನು ಯಾರ ಮೇಲೆ ಸುರಿಯುವುದು? ಆ ಪುಡಿಯನ್ನು ಕಂಡುಹಿಡಿದವನು ಯಾವ ಊರಿನವನೋ, ಯಾವ ದೇಶದವನೋ, ಬಿಳಿ ಕೋಟು ಹಾಕಿಕೊಂಡು ಸಣ್ಣ ಚಮಚದಲ್ಲಿ ಅಳೆಯುತ್ತಿದ್ದನೋ ಏನೋ. ಚನ್ನಪಟ್ಟಣದ ಕಂಬದ ಮರೆಯಲ್ಲಿ ಒಬ್ಬ ಹೆಂಗಸಿನ ಎಡಗಣ್ಣನ್ನು ತಾನು ಮುಚ್ಚಿಸಿದ್ದೇನೆಂದು ಅವನಿಗೆ ಗೊತ್ತೂ ಇಲ್ಲ. ನನಗೆ ಉರಿದದ್ದು ಅದಕ್ಕೇ. ನಾನು ಹದಿನೆಂಟು ವರ್ಷ ಕಾದು ಪಡೆಯದೆ ಹೋದದ್ದನ್ನು ಅವನು, ಪಡೆದೆನೆಂದೂ ತಿಳಿಯದೆ, ಪಡೆದುಬಿಟ್ಟಿದ್ದ.

ಆಗ ನಿಶ್ಚಯಿಸಿದೆ: ಆ ಟೊಕ್ ನನ್ನ ಬಾಣಲೆಯಿಂದಲೂ ಬರಬೇಕು. ವ್ಯಾಪಾರ ಹಾಳಾಗಲಿ, ಅದೊಂದು ಬರಬೇಕು.

ವೈರಿಯನ್ನು ತಿಳಿಯದೆ ಚೌಕಾಸಿಗೆ ಕೂರಬಾರದು. ಚನ್ನಪಟ್ಟಣದಲ್ಲಿ ಕೊಂಡರೆ ಮಾನ ಹೋಗುತ್ತದೆಂದು ರಾಮನಗರಕ್ಕೆ ಬಸ್ಸು ಹತ್ತಿಹೋಗಿ, ಗುರುತಿಲ್ಲದ ಅಂಗಡಿಯಲ್ಲಿ ಒಂದು ಕೆಂಪು ಪ್ಯಾಕೆಟ್ಟು ಕೊಂಡು, ಪಾರ್ಕಿನ ಬೆಂಚಿನ ಮೇಲೆ ಕೂತು ತಿಂದೆ. ತಪ್ಪು ಹುಡುಕಲು ಹೋದವನಿಗೆ ದೂರಲು ಏನೂ ಸಿಗಲಿಲ್ಲ. ನಾಲಿಗೆಯ ತುದಿಗೆ ಮೊದಲು ಹುಳಿ, ಚುರುಕ್ಕೆಂದು ಬೆಂಕಿಕಡ್ಡಿ ಗೀರಿದಂತೆ. ಅದು ಹೊತ್ತಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಒಂದು ಸಿಹಿ ಬಂದು ಸಮಾಧಾನ ಮಾಡುತ್ತದೆ. ಸಮಾಧಾನವಾಯಿತೆನ್ನುವಾಗ ಉಪ್ಪು, ಉಪ್ಪಿನ ನೆರಳಲ್ಲಿ ಎಲ್ಲೋ ಬೆಳ್ಳುಳ್ಳಿ, ಎಲ್ಲರೂ ಹೋದಮೇಲೆ ಮೆಲ್ಲಗೆ ಬರುವ ಖಾರ. ಅಷ್ಟೂ ಆಗಿ ಬಾಯಿ ಬರಿದಾದಾಗ, ಮತ್ತೊಂದು ಬೇಕೆನ್ನಿಸುವ ಒಂದು ಸಣ್ಣ ಕೊರತೆ. ಆ ಕೊರತೆಯನ್ನು ಸಹ ಅಳೆದು ಹಾಕಿದ್ದಾರೆ ಎಂದು ನನಗೆ ತಕ್ಷಣ ತಿಳಿಯಿತು, ನಾನೂ ವ್ಯಾಪಾರಿಯಲ್ಲವೇ. ಬೆರಳಿಗೆ ಅಂಟಿದ ಕೆಂಪು ಪುಡಿಯನ್ನು ನೆಕ್ಕುತ್ತ, ಕಣ್ಣಲ್ಲಿ ನೀರು ಬಂತು. ಹುಳಿಗೋ ಅಸೂಯೆಗೋ ಹೇಳಲಾರೆ. ಎರಡೂ ಹಲ್ಲು ಚುಳ್ಳೆನ್ನಿಸುವ ಸರಕೇ.

ಅಲ್ಲಿಂದ ಶುರುವಾಯಿತು ನನ್ನ ಹುಳಿಯ ವ್ರತ. ಹುಣಸೆಹಣ್ಣಿನ ನೀರು ಚಿಮುಕಿಸಿದೆ, ಚಿಪ್ಸು ಒದ್ದೆ ಕಾಗದದಂತೆ ಮೆತ್ತಗಾದವು. ನಿಂಬೆ ಉಪ್ಪು ಪುಡಿ ಮಾಡಿ ಉದುರಿಸಿದೆ, ಹಿತ್ತಾಳೆ ಪಾತ್ರೆ ಬೆಳಗುವುದಕ್ಕೆ ಬೇಕಾದರೆ ಆಗುತ್ತಿತ್ತು. ಒಣಮಾವಿನ ಪುಡಿ ಹಾಕಿದೆ, ಬೇಳೆಸಾರಿನ ನೆನಪು ಬಂತು. ಪ್ರತಿ ಸಲವೂ ತಟ್ಟೆ ಹಿಡಿದು ಜಯಮ್ಮನ ಎದುರು ನಿಂತೆ, ಪ್ರತಿ ಸಲವೂ ಅವಳು ತಿಂದು ನನ್ನನ್ನು ನೋಡಿ 'ಐತೆ' ಎಂದಳು. ಈ ನಡುವೆ ಅವಳು ಕೆಂಪಣ್ಣನಲ್ಲಿ ಕೊಂಡ ದೊಡ್ಡ ಪ್ಯಾಕೆಟ್ಟೊಂದು ಖಾಲಿಯಾದಾಗ, ಅದನ್ನು ಸೀಳಿ ತೊಳೆದು, ಬೆಳ್ಳಿ ಮೈ ಈಚೆ ಮಾಡಿ ಅಡುಗೆಮನೆಯಲ್ಲಿ, ನನ್ನ ಹುಳಿಯ ವ್ರತದ ಒಲೆಯ ಹಿಂದೆಯೇ ಮೊಳೆ ಹೊಡೆದಳು. "ಎಣ್ಣೆ ಸಿಡೀತದೆ," ಎಂದಳು. ಎಣ್ಣೆಯಲ್ಲ ಸಿಡಿದದ್ದು, ನಾನು. ವೈರಿಯ ಚರ್ಮ ಸುಲಿದು ಗೋಡೆಗೆ ಹೊಡೆದರೆ ಗೆದ್ದವನಿಗೆ ಹಿಗ್ಗಾಗುತ್ತದೆ. ಇಲ್ಲಿ ಸೋತವನ ಮನೆಯಲ್ಲಿ ಗೆದ್ದವನ ಚರ್ಮ ಮಿರಮಿರ ಹೊಳೆಯುತ್ತಿತ್ತು.

ಕೊನೆಗೆ ಅರ್ಥವಾಯಿತು: ಟೊಮ್ಯಾಟೊದ ಹುಳಿಗೆ ಟೊಮ್ಯಾಟೊವೇ ಆಗಬೇಕು. ಸಂತೆ ಮುಗಿಯುವ ಹೊತ್ತಿಗೆ ಹೋದೆ. ಬೆಳಗ್ಗೆ ಹೋಗಬೇಡಿ, ನೆನಪಿಡಿ. ಬುಟ್ಟಿಯನ್ನು ವಾಪಸು ಹೊತ್ತುಕೊಂಡು ಹೋಗುವ ಭಾರ ಮಾರುವವನ ಹೆಗಲಿಗೆ ಬಂದ ಮೇಲೆ ಹೋಗಿ. ನಾಟಿ ಟೊಮ್ಯಾಟೊ, ಹುಳಿ ಜಾಸ್ತಿಯದು, ಮೂರು ಬುಟ್ಟಿ ತಂದೆ. ಹೆಚ್ಚಿ ಒಣಗಿಸಲು ನಮ್ಮ ಸೂರಿನ ಮೇಲೆ ಜಾಗವಿಲ್ಲ, ಬಸ್‌ಸ್ಟ್ಯಾಂಡಿನ ಧೂಳು ಬೇರೆ. ಆಗ ಹೊಳೆದದ್ದು ಹೊಂಗನೂರಿನ ಚಂದ್ರಿಕೆಗಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಅಗಲವಾದ ಚಾಪೆ, ಅದರ ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ. ಆ ಸುರುಳಿಯ ಸಂದಿಯಲ್ಲಿ ಟೊಮ್ಯಾಟೊ ಬಿಲ್ಲೆಗಳನ್ನು ಸಾಲಾಗಿ ಇಟ್ಟರೆ ಒಂದಕ್ಕೊಂದು ತಾಗದೆ, ಗಾಳಿಯಾಡಿ, ಎಷ್ಟು ಚೆನ್ನಾಗಿ ಒಣಗಬಹುದು! ಜಯಮ್ಮನ ತಮ್ಮ ಶಿವಲಿಂಗನ ಮನೆಯಲ್ಲಿ ಆಗ ಹುಳದ ಬೆಳೆ ಮುಗಿದು ಚಂದ್ರಿಕೆಗಳು ಖಾಲಿ ಒರಗಿದ್ದವು.

"ತಗಳಿ ಭಾವ, ಅದ್ಕೇನಂತೆ," ಎಂದ ಶಿವಲಿಂಗ. "ತೊಳ್ದು ಬಿಸ್ಲಿಗಿಟ್ಟಿವ್ನಿ. ನೂಲೆಲ್ಲ ಬೆಂಕಿ ಆಡ್ಸಿ ಸುಟ್ಬುಟ್ಟಿವ್ನಿ."

ಹುಳು ಗೂಡು ಕಟ್ಟುವ ಮುಂಚೆ ಚಂದ್ರಿಕೆಗೆ ಅಂಟಿಸುವ ಜೇಡದ ಬಲೆಯಂಥ ನೂಲನ್ನು ಹೀಗೆ ಉರಿ ತೋರಿಸಿ ಸುಡುವುದು ವಾಡಿಕೆ. ಶಿವಲಿಂಗ ಸುಟ್ಟದ್ದು ಕಣ್ಣಿಗೆ ಕಾಣುವ ಮೇಲ್ಮೈಯನ್ನು. ಸುರುಳಿಯ ಒಳಸಂದಿಗೆ ಉರಿ ಇಳಿದಿರಲಿಲ್ಲ. ಮೂಟೆಯ ತಳಕ್ಕೆ ಕೈಯಿಳಿಸಿ ನೋಡೆಂದು ಊರಿಗೆಲ್ಲ ಬುದ್ಧಿ ಹೇಳುವ ನಾನು ಚಂದ್ರಿಕೆಯ ಸಂದಿಗೆ ಬೆರಳಿಟ್ಟು ನೋಡಲಿಲ್ಲ. ಮೂರು ದಿನ ಹೊಂಗನೂರಿನ ಬಿಸಿಲು ಕಾಯ್ದೆ, ಕಾಗೆ ಓಡಿಸಿದೆ. ಬಿಲ್ಲೆಗಳು ಮುರುಟಿ, ದಾಸವಾಳದ ಬಾಡಿದ ಎಸಳಿನ ಬಣ್ಣಕ್ಕೆ ಬಂದು, ಮುರಿದರೆ ಪಟ್ ಎನ್ನುವಂತಾದವು. ಮಿಕ್ಸಿಗೆ ಹಾಕಿ, ಸಕ್ಕರೆ, ಉಪ್ಪು, ಒಣಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಪುಡಿ ಬೆರೆಸಿದೆ. ಬೆರಳಲ್ಲಿ ತೆಗೆದು ನಾಲಿಗೆಗಿಟ್ಟರೆ, ಸ್ವಾಮಿ, ಅದೇ! ಹುಳಿ, ಹಿಂದೆಯೇ ಸಿಹಿ, ಅದರ ಹಿಂದೆ ಉಪ್ಪು. ಬಿಳಿ ಕೋಟಿನವನನ್ನು ಮನಸ್ಸಿನಲ್ಲೇ ಹೊಂಗನೂರಿನ ಕೆರೆಗೆ ತಳ್ಳಿದೆ.

ಬಿಸಿ ಚಿಪ್ಸಿಗೆ ಪುಡಿ ಉದುರಿಸಿ, ತಟ್ಟೆಯಲ್ಲಿಟ್ಟು, ಜಯಮ್ಮನ ಎದುರು ಕುಕ್ಕುರುಗಾಲಲ್ಲಿ ಕೂತೆ. ಅವಳು ಒಂದನ್ನು ಬಾಯಿಗಿಟ್ಟಳು. ಎಡಗಣ್ಣು, ನನ್ನಾಣೆ, ಅರ್ಧ ಮುಚ್ಚಿತು. ನಾನು ಇನ್ನೂ ಮುಂದಕ್ಕೆ ಬಾಗಿದೆ. ಆಗ ಕಣ್ಣು ತೆರೆದುಕೊಂಡಿತು; ಅವಳು ಎರಡು ಬೆರಳನ್ನು ತುಟಿಗೆ ತಂದು ಏನನ್ನೋ ಹಿಡಿದು ಎಳೆದಳು. ಎಳೆದಳು, ಎಳೆದಳು, ಇನ್ನೂ ಎಳೆದಳು. ಬಿಸಿಲಲ್ಲಿ ಮಿನುಗುವ, ಗೇಣುದ್ದದ, ಅಪ್ಪಟ ರೇಷ್ಮೆಯ ಎಳೆ. ಒದ್ದೆ ಟೊಮ್ಯಾಟೊ ಸಂದಿಯ ನೂಲನ್ನೆಲ್ಲ ಮೈಗೆ ಅಂಟಿಸಿಕೊಂಡಿತ್ತು. ಮಿಕ್ಸಿಯ ಅಲಗಿಗೆ ಟೊಮ್ಯಾಟೊ ಪುಡಿಯಾಗಿತ್ತು, ರೇಷ್ಮೆ ಬಗ್ಗಿರಲಿಲ್ಲ. ಜಯಮ್ಮ ಆ ಎಳೆಯನ್ನು ಬೆಳಕಿಗೆ ಹಿಡಿದು, ಅಪ್ಪನ ಮನೆಯ ಸರಕಿನ ಗುರುತು ಹತ್ತಿದವಳಂತೆ ನೋಡಿ, ನನ್ನ ಕಡೆ ತಿರುಗಿ ಹೇಳಿದಳು:

"ಐತೆ."

ನಾನು ಸಿಟ್ಟಾಗಿಬಿಟ್ಟೆ. ತಟ್ಟೆ ದೂಡಿ ಎದ್ದೆ. "ಹದಿನೆಂಟು ವರ್ಷದಿಂದ ಇದೊಂದೇ ಮಾತು! ಆ ಕೆಂಪಣ್ಣನ ಕಂಬದ ಮರೇಲಿ ನಿಂತ್ಕಂಡು ಟೊಕ್ ಟೊಕ್ ಅಂತ ಚಪ್ಪರಿಸ್ತೀಯಲ್ಲ, ಆ ಗಾಳಿ ಪ್ಯಾಕೇಟಲ್ಲಿ ಏನೈತೆ ಅಂತಾದ್ದು? ನನ್ ಕೈಯಲ್ಲಿ ಏನಿಲ್ಲ?"

ಅವಳು ತಬ್ಬಿಬ್ಬಾಗಲಿಲ್ಲ. ಎಳೆಯನ್ನು ಬೆರಳಿಗೆ ಸುತ್ತುತ್ತ, ನಿಧಾನಕ್ಕೆ ಹೇಳಿದಳು:

"ಆ ಪ್ಯಾಕೇಟು ನನ್ ಬಾಯ್ನೇ ನೋಡ್ಕಂಡು ಕೂತ್ಕಳಾಕಿಲ್ಲ."

ಅವಳೇ ಮುಂದುವರಿಸಿದಳು. "ನಮ್ಮಪ್ಪನ ಜತೆ ಗೂಡು ತಗಂಡು ಮಾರ್ಕೆಟ್ಟಿಗೆ ಬತ್ತಿದ್ನಲ್ಲ, ರಾಶಿ ಪಕ್ಕ ಕೂತ್ಕಂಡು ಆ ಸಾಹೇಬ್ರುಗಳ ಮುಖ ನೋಡೋದೇ ನನ್ ಕೆಲ್ಸ. ನಮ್ಮಪ್ಪ ಏಳ್ತಿದ್ರು, ಮಗ, ಯಾರು ಏನೂ ಅನ್ನಾಕಿಲ್ವೋ ಅವ್ರೇ ತಗಳೋರು ಅಂತ. ಮದ್ವೆ ಆಗಿ ಬಂದ್ರೆ, ನೀವೂ ಚಿಪ್ಸ್ ಮುಂದಿಟ್ಟು ಅಂಗೇ ಗುರಾಯಿಸ್ಕಂಡು ಕೂತ್ರಿ. ಯಾಪಾರಕ್ಕೆ ಕೂತಂಗೆ. ನಾನೇನ್ ಗಿರಾಕಿನಾ? ಚೆಂದಾಗೈತೆ ಅಂದ್ರೆ ಅದ್ನೇ ದಿನಾ ಕರೀತೀರಿ, ಚೆಂದಾಗಿಲ್ಲ ಅಂದ್ರೆ ನೀವು ಉಣ್ಣಾಕಿಲ್ಲ. ಅದ್ಕೇ ಮುಖಕ್ಕೆ ಬಾಗ್ಲು ಹಾಕ್ಕಂಡೆ. ಕಂಬದ್ ಮರೇಲಿ ಯಾರೂ ಕೇಳಾಕಿಲ್ಲ, ಎಂಗೈತೆ ಅಂತ. ಬಾಯಿ ಬಂದಂಗೆ ಆಡ್ಕತದೆ."

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನೋಡಿ, ಎಲ್ಲರ ಮುಖ ಓದಬಲ್ಲೆನೆಂದು ಮೆರೆದವನಿಗೆ, ನಾನು ಓದುತ್ತ ಕೂತದ್ದಕ್ಕೇ ಒಂದು ಪುಸ್ತಕ ಮುಚ್ಚಿಕೊಂಡಿತೆಂದು ತಿಳಿದಿರಲಿಲ್ಲ. ಬಾಷಾ ಸಾಹೇಬರ ಶಾಲೆಯಲ್ಲಿ ನಾನೊಬ್ಬನೇ ಓದಿದವನೆಂದುಕೊಂಡಿದ್ದೆ. ಅದೇ ಶಾಲೆಯಲ್ಲಿ, ರಾಶಿಯ ಆಚೆ ಬದಿಯಲ್ಲಿ ಕೂತು, ನನಗಿಂತ ಚೆನ್ನಾಗಿ ಪಾಠ ಕಲಿತವಳು ನನ್ನ ಮನೆಯಲ್ಲೇ ಇದ್ದಳು. ಮನುಷ್ಯನಿಗೆ ಒಂದು ವಿದ್ಯೆ ಕೈ ಹತ್ತಿಬಿಟ್ಟರೆ ಅದನ್ನು ಅಂಗಡಿಯ ಮೊಳೆಗೆ ಅಂಗಿಯಂತೆ ತೂಗುಹಾಕಿ ಒಳಗೆ ಬರಲು ಬರುವುದಿಲ್ಲ. ಊಟಕ್ಕೂ ನಿದ್ದೆಗೂ ಅದೇ ಅಂಗಿಯಲ್ಲಿ ಹೋಗುತ್ತಾನೆ. ಹೆಂಡತಿಯ ಮೆಚ್ಚುಗೆಯನ್ನೂ ನಾನು ಕೊಳ್ಳಲು ಹೊರಟಿದ್ದೆ, ಅದೂ ತಳಕ್ಕೆ ಕೈಯಿಳಿಸಿ, ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ.

ಹೊಟ್ಟೆಕಿಚ್ಚು ಆರಿತೆಂದು ಸುಳ್ಳು ಹೇಳಲಾರೆ. ಆರಲಿಲ್ಲ. ದಿಕ್ಕು ಬದಲಾಯಿಸಿತು, ಅಷ್ಟೇ. ಇಷ್ಟು ದಿನ ಆ ಪ್ಯಾಕೆಟ್ಟಿನ ಹುಳಿಯ ಮೇಲೆ ಉರಿಯುತ್ತಿದ್ದೆ. ಈಗ ಅದಕ್ಕೆ ಕಣ್ಣಿಲ್ಲವಲ್ಲ ಎಂದು ಉರಿದೆ. ಏನನ್ನೂ ಕೇಳದೆ ಕೊಟ್ಟು, ಖಾಲಿಯಾಗಿ ಸುಮ್ಮನಾಗುವ ಅದರ ಗುಣದ ಮೇಲೆ ಉರಿದೆ. ಕಂಪನಿಯವರು ಆ ಗಾಳಿಯನ್ನು ಯಾಕೆ ತುಂಬುತ್ತಾರೋ ನನಗೆ ಗೊತ್ತಿಲ್ಲ. ಆದರೆ ತಿನ್ನುವವರ ಸುತ್ತಲೂ ಒಂದಿಷ್ಟು ಗಾಳಿ ಬೇಕೆನ್ನುವುದು ನನಗೆ ಹೊಳೆದದ್ದು ಆಗಲೇ.

ಅದರ ಮುಂದಿನ ಭಾನುವಾರ, ಅಂಗಡಿ ತೆರೆಯುವ ಮುಂಚೆ, ಮನೆಯೊಳಗಿನ ಒಲೆ ಹೊತ್ತಿಸಿದೆ. ಪುಡಿ ಇಲ್ಲ, ಹುಳಿ ಇಲ್ಲ. ಆಲೂಗಡ್ಡೆ, ಉಪ್ಪು, ಚೂರು ಖಾರ. ಮದುವೆಯಾದ ಮೊದಲ ವಾರ ಮಾಡಿದಂಥದ್ದೇ. ಜಯಮ್ಮ ಹಿಂದೆ ಮಣೆಯ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದಳು. ತಟ್ಟೆಯನ್ನು ಅವಳ ಪಕ್ಕದಲ್ಲಿಟ್ಟು, ಒಂದು ಮಾತೂ ಆಡದೆ, ಒಲೆಯ ಕಡೆ ತಿರುಗಿ ನಿಂತೆ. ಜೀವಮಾನದಲ್ಲಿ ಮೊದಲ ಸಲ ಸರಕು ಮುಂದಿಟ್ಟು ಬೆನ್ನು ತಿರುಗಿಸಿದ್ದು. ಬೆನ್ನಿಗೆ ತುರಿಕೆ ಬಂದಂತಾಯಿತು. ಬಾಣಲೆ ನೋಡಿದೆ, ಜಾಲರಿ ಸೌಟು ನೋಡಿದೆ, ತಲೆಯೆತ್ತಿ ಗೋಡೆ ನೋಡಿದೆ.

ಗೋಡೆಯ ಮೇಲೆ ಆ ಪ್ಯಾಕೆಟ್ಟು. ಅದರ ಬೆಳ್ಳಿ ಮೈಯಲ್ಲಿ, ಸುಕ್ಕು ಸುಕ್ಕಾಗಿ, ಮಸುಕು ಮಸುಕಾಗಿ, ಒಂದು ಹಸಿರು ಸೀರೆ. ಸೀರೆಯ ಮೇಲೆ ಒಂದು ಮುಖದ ಮಬ್ಬು. ತಟ್ಟೆಯ ಕಡೆ ಇಳಿದ ಒಂದು ಕೈ.

ನಾನು ಅದನ್ನೇ ನೋಡಿದೆ. ಆ ಕೈ ಒಂದು ಚಿಪ್ಸನ್ನು ಎತ್ತಿಕೊಂಡು ಬಾಯಿಯ ದಾರಿಯಲ್ಲಿ ಅರ್ಧಕ್ಕೆ ನಿಂತಿತು. ಅವಳಿಗೂ ಅದರಲ್ಲಿ ನನ್ನ ಮುಖ ಕಂಡಿರಬೇಕು. ಬೆನ್ನು ಕೊಟ್ಟು ನಿಂತರೂ, ಒಂದು ಲೆಕ್ಕಕ್ಕೆ ನಾನು ಅವಳೆದುರು ಕುಕ್ಕುರುಗಾಲಲ್ಲಿ ಕೂತೇ ಇದ್ದೆ.

ಆಗ ಕಪಾಟಿನ ಪಕ್ಕದಲ್ಲಿದ್ದ ಇಕ್ಕಳ ತೆಗೆದುಕೊಂಡು ನಾಲ್ಕೂ ಮೊಳೆ ಕಿತ್ತೆ. ಪ್ಯಾಕೆಟ್ಟನ್ನು ತಿರುಗಿಸಿ, ಬೆಳ್ಳಿ ಮೈಯನ್ನು ಗೋಡೆಗೆ ಒತ್ತಿ, ಟೊಮ್ಯಾಟೊ ಹಣ್ಣನ್ನು ಈಚೆ ಮಾಡಿ, ಕುಟ್ಟಾಣಿಯ ಗುಂಡಿನಲ್ಲಿ ಒಂದೊಂದಾಗಿ ಮೊಳೆ ಹೊಡೆದೆ. ನಾಲ್ಕನೆಯದನ್ನೂ ಹೊಡೆದು, ಗುಂಡನ್ನು ಕೆಳಗಿಟ್ಟು, ಒಲೆ ಆರಿಸಿದ ಮೇಲೆ, ಮನೆ ನಿಶ್ಶಬ್ದವಾಗಿರುವಾಗ, ಹಿಂದಿನಿಂದ ಮತ್ತೊಂದು ಸದ್ದು ಬಂತು:

ಟೊಕ್.

ಎಡಗಣ್ಣು ಮುಚ್ಚಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಕುತ್ತಿಗೆ ತಿರುಗಲು ಹವಣಿಸಿತು, ತಡೆದೆ. ಟೊಮ್ಯಾಟೊದ ಮೈಮೇಲಿನ ಹನಿಗಳನ್ನು ಒಂದೊಂದಾಗಿ ನೋಡುತ್ತ ನಿಂತೆ. ಹಿಂದೆ ಹುರುಳಿಕಾಯಿ ಮುರಿಯುವ ಸದ್ದು ಮತ್ತೆ ಶುರುವಾಗಲಿಲ್ಲ. ತಟ್ಟೆಯ ಮೇಲೆ ಬಳೆ ತಾಗುವ ಸದ್ದು ಮಾತ್ರ ಬಿಟ್ಟು ಬಿಟ್ಟು ಬರುತ್ತಿತ್ತು.

ಅವಳು ಈಗಲೂ ಆಗೊಮ್ಮೆ ಈಗೊಮ್ಮೆ ರಸ್ತೆ ದಾಟಿ ಕೆಂಪಣ್ಣನ ಅಂಗಡಿಗೆ ಹೋಗುತ್ತಾಳೆ. ನನಗೆ ಈಗಲೂ ಹೊಟ್ಟೆ ಚುರ್ರೆನ್ನುತ್ತದೆ. ಆದರೆ ಅವಳು ಕಂಬ ಸೇರುವಷ್ಟರಲ್ಲಿ ನಾನು ಬಾಣಲೆಯ ಕಡೆ ಬಗ್ಗುತ್ತೇನೆ, ಚಿಪ್ಸೂ ಸೀಯುವುದಿಲ್ಲ. ನಿಮಗೆ ನನ್ನದೊಂದೇ ಸಲಹೆ: ಸಂತೆಯಲ್ಲಿ ಎಲ್ಲರ ಮುಖ ನೋಡಿ, ಮನೆಯಲ್ಲಿ ತಟ್ಟೆ ಇಟ್ಟು ಈಚೆ ಬನ್ನಿ.

ಇನ್ನು ಆ ಪ್ಯಾಕೆಟ್ಟು. ಜಿಡ್ಡು ಹಿಡಿದಿದೆ, ಒರೆಸಿದರೂ ಹೋಗುವುದಿಲ್ಲ. ಬುದ್ಧಿವಂತರು ಬಂದಾಗಲೆಲ್ಲ ಅದನ್ನು ತೋರಿಸಿ, 'ಇದೇನಯ್ಯ, ಉಲ್ಟಾ ಹೊಡೆದಿದ್ದೀಯಲ್ಲ, ಇದು ಚೆನ್ನಾಗಿದೆಯೇ?' ಎಂದು ಕೇಳುತ್ತಾರೆ. ನಾನು ಮುಖಕ್ಕೆ ಬಾಗಿಲು ಹಾಕಿಕೊಂಡು, ಒಳ್ಳೆಯ ಸರಕು ಕಂಡವನು ಹೇಳಬೇಕಾದದ್ದನ್ನು ಹೇಳುತ್ತೇನೆ.

"ಐತೆ."